ಜೀವವೈವಿಧ್ಯ ಒಪ್ಪಂದವೊಂದರ ಬೆಲೆಯನ್ನು ಅಳೆಯುವುದು ಹೇಗೆ?

ಅಲಾಸ್ಕದಲ್ಲಿ ಹುಟ್ಟಿ ಐದು ತಿಂಗಳಷ್ಟೇ ಕಳೆದಿದ್ದ ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಉದ್ದ ಕೊಕ್ಕಿನ ಹಕ್ಕಿಯೊಂದು 2022ರ ಅಕ್ಟೋಬರ್‌ನಲ್ಲಿ ಎಲ್ಲಿಯೂ ಇಳಿಯದೆ, ಏನನ್ನೂ ತಿನ್ನದೆ 11 ದಿನ ಹಾರಿ, ಸುಮಾರು 13,560 ಕಿಲೋಮೀಟರ್ ದೂರದ ಟಾಸ್ಮೇನಿಯಾವನ್ನು ಮುಟ್ಟಿತು. ಇದೇ ಜಾತಿಯ ಹಕ್ಕಿಗಳು ಮತ್ತೆ ಉತ್ತರಕ್ಕೆ ಮರಳುವಾಗ ಹಳದಿ ಸಮುದ್ರದ ದಂಡೆಯ ಕೆಸರು ಬಯಲುಗಳಲ್ಲಿ ಇಳಿದು, ಹುಳುಗಳನ್ನೂ ಚಿಪ್ಪುಜೀವಿಗಳನ್ನೂ ತಿಂದು ಮೈ ತುಂಬಿಸಿಕೊಂಡು ಮುಂದಿನ ಹಾರಾಟಕ್ಕೆ ಸಿದ್ಧವಾಗುತ್ತವೆ. ಗೂಡು ಕಟ್ಟುವ ನೆಲ ಒಂದು ದೇಶದ್ದು, ಉಣ್ಣುವ ಕೆಸರು ಇನ್ನೊಂದು ದೇಶದ್ದು, ಚಳಿ ತಪ್ಪಿಸಿಕೊಳ್ಳುವ ತೀರ ಮತ್ತೊಂದು ದೇಶದ್ದು. ಎರಡು ದೇಶಗಳು ಎಷ್ಟೇ ಮುತುವರ್ಜಿಯಿಂದ ಕಾಪಾಡಿದರೂ ಮೂರನೆಯದು ಕೆಸರು ಬಯಲಿಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸಿದರೆ ಹಕ್ಕಿಗೆ ಉಳಿಗಾಲವಿಲ್ಲ.

ಜೀವವೈವಿಧ್ಯವನ್ನು ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದಗಳು ಹುಟ್ಟಿದ್ದು ಈ ಸರಳ ಸಂಗತಿಯಿಂದ. ಆದರೆ ಅವುಗಳ ಬಗ್ಗೆ ಎರಡು ಬಗೆಯ ಅವಸರದ ತೀರ್ಮಾನಗಳು ಚಾಲ್ತಿಯಲ್ಲಿವೆ. ದೇಶಗಳು ಸಹಿ ಹಾಕಿದವೆಂದರೆ ಕೆಲಸ ಮುಗಿದಂತೆಯೇ ಎಂದು ಕೆಲವರು ನಂಬುತ್ತಾರೆ. ಅವೆಲ್ಲ ಬರೀ ಕಾಗದದ ಮಾತು ಎಂದು ಇನ್ನು ಕೆಲವರು ತಳ್ಳಿಹಾಕುತ್ತಾರೆ. ಈ ಇಬ್ಬರಲ್ಲಿ ಹೆಚ್ಚಿನವರು ಒಪ್ಪಂದದ ಪಠ್ಯವನ್ನು ಬಿಡಿಸಿ ನೋಡಿರುವುದಿಲ್ಲ ಎಂಬುದು ನನ್ನ ಅನುಭವ. ಒಪ್ಪಂದದ ಒಂದು ಭಾಗ ಗಟ್ಟಿಯಾಗಿದ್ದು ಇನ್ನೊಂದು ಭಾಗ ಟೊಳ್ಳಾಗಿರುವುದು ಸಾಮಾನ್ಯ. ಗಟ್ಟಿ ಭಾಗ ಎಲ್ಲಿದೆಯೆಂದು ಕಂಡುಕೊಂಡವರು ಅದನ್ನು ಹಿಡಿದು ಜಗ್ಗಬಲ್ಲರು. ವಿದ್ಯಾರ್ಥಿಗಳಿಗೆ, ಪತ್ರಕರ್ತರಿಗೆ, ಕೆರೆ, ಕಾಡು, ಕಡಲುಗಳ ಪರವಾಗಿ ಕೆಲಸ ಮಾಡುವವರಿಗೆ ಆ ಭಾಗವನ್ನು ಹುಡುಕುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ನಿಮ್ಮ ಪ್ರಶ್ನೆಗೆ ಯಾವ ಒಪ್ಪಂದ?

ಮೊದಲು ಜೀವಿಯ ಹೆಸರಿನಿಂದಲ್ಲ, ಅದಕ್ಕೆ ಒದಗಿರುವ ಅಪಾಯದಿಂದ ಹೊರಡಬೇಕು. ಅಪಾಯ ಗಡಿಯಾಚೆಗಿನ ವ್ಯಾಪಾರದಿಂದ ಬಂದಿದ್ದರೆ ನೋಡಬೇಕಾದದ್ದು 1973ರಲ್ಲಿ ವಾಷಿಂಗ್ಟನ್‌ನಲ್ಲಿ ರೂಪುಗೊಂಡ ಸೈಟಿಸ್ ಒಪ್ಪಂದ. ಜೌಗು ಪ್ರದೇಶವೊಂದು ಬತ್ತುತ್ತಿದ್ದರೆ ಅಥವಾ ಮಲಿನಗೊಳ್ಳುತ್ತಿದ್ದರೆ 1971ರಲ್ಲಿ ಇರಾನಿನ ರಾಮ್‌ಸರ್ ಪಟ್ಟಣದಲ್ಲಿ ಸಹಿಯಾದ ಒಪ್ಪಂದ. ವಲಸೆ ಹೋಗುವ ಪ್ರಾಣಿಪಕ್ಷಿಗಳಿಗೆ 1979ರ ಬಾನ್ ಒಪ್ಪಂದವಿದೆ. ಇಡೀ ಜಗತ್ತಿಗೆ ಸೇರಿದ್ದೆಂದು ಗುರುತಿಸಲಾದ ತಾಣಗಳಿಗೆ 1972ರ ವಿಶ್ವ ಪರಂಪರೆ ಒಪ್ಪಂದವಿದೆ. ಸಸ್ಯ, ಬೀಜ, ಸೂಕ್ಷ್ಮಜೀವಿಗಳಿಂದ ಬಂದ ಲಾಭದಲ್ಲಿ ಅವುಗಳನ್ನು ಕಾಪಾಡಿಕೊಂಡು ಬಂದವರಿಗೆ ಪಾಲು ಸಿಗುತ್ತಿದೆಯೇ ಎಂಬುದು ಪ್ರಶ್ನೆಯಾಗಿದ್ದರೆ ನಗೋಯಾ ಪ್ರೊಟೊಕಾಲ್ ಓದಬೇಕು. ಯಾವ ದೇಶಕ್ಕೂ ಸೇರದ ನಡುಗಡಲಿನ ಜೀವಿಗಳಿಗಾಗಿ 2023ರ ಜೂನ್‌ನಲ್ಲಿ ಅಂಗೀಕಾರವಾದ ಹೊಸ ಒಪ್ಪಂದವಿದೆ. ಇವೆಲ್ಲದರ ಮೇಲೆ ಚಪ್ಪರದಂತೆ ನಿಂತಿರುವುದು 1992ರಲ್ಲಿ ರಿಯೊ ನಗರದಲ್ಲಿ ಸಹಿಗೆ ತೆರೆದ ಜೀವವೈವಿಧ್ಯ ಒಡಂಬಡಿಕೆ.

ಒಂದೇ ಜೀವಿ ಎರಡು ಮೂರು ಒಪ್ಪಂದಗಳ ವ್ಯಾಪ್ತಿಗೆ ಬರುವುದುಂಟು. ಆಗ ನೆಲದ ಪರಿಸ್ಥಿತಿಗೆ ಹತ್ತಿರವಾದ, ಹೆಚ್ಚು ನಿರ್ದಿಷ್ಟವಾದ ಒಪ್ಪಂದವನ್ನೇ ಮೊದಲು ಓದುವುದು ಒಳ್ಳೆಯದು. ಚಪ್ಪರದಂಥ ಒಡಂಬಡಿಕೆಯಿಂದ ಆರಂಭಿಸಿದವರು ಹೆಚ್ಚಾಗಿ ಅದರ ದೊಡ್ಡ ಮಾತುಗಳಲ್ಲೇ ದಾರಿ ತಪ್ಪುತ್ತಾರೆ.

ಸಹಿ ಬೇರೆ, ಅನುಮೋದನೆ ಬೇರೆ, ಜಾರಿ ಬೇರೆ

ಸಹಿ ಎಂದರೆ ಒಪ್ಪಂದದ ದಿಕ್ಕು ತನಗೆ ಒಪ್ಪಿಗೆಯೆಂದು ಒಂದು ದೇಶ ಹೇಳಿದಂತೆ. ಅದು ಕಾನೂನಿನ ಬಂಧನವಾಗುವುದು ಆ ದೇಶ ತನ್ನ ಸಂಸತ್ತಿನ ಅಥವಾ ಸರ್ಕಾರದ ವಿಧಿವತ್ತಾದ ಅನುಮೋದನೆಯನ್ನು ಸಲ್ಲಿಸಿದ ಮೇಲೆ. ಅಮೆರಿಕ ಸಂಯುಕ್ತ ಸಂಸ್ಥಾನ ಜೀವವೈವಿಧ್ಯ ಒಡಂಬಡಿಕೆಗೆ 1993ರಲ್ಲಿ ಸಹಿ ಹಾಕಿದರೂ ಇಂದಿಗೂ ಅನುಮೋದಿಸಿಲ್ಲ. ಒಡಂಬಡಿಕೆಯ 196 ಸದಸ್ಯರಲ್ಲಿ ಅದು ಸೇರಿಲ್ಲ. ಮೂರನೆಯ ಹಂತ ಜಾರಿ. ನಗೋಯಾ ಪ್ರೊಟೊಕಾಲ್ 2010ರಲ್ಲಿ ಅಂಗೀಕಾರವಾದರೂ ಜಾರಿಗೆ ಬಂದದ್ದು 2014ರ ಅಕ್ಟೋಬರ್‌ನಲ್ಲಿ. ನಡುಗಡಲಿನ ಒಪ್ಪಂದಕ್ಕೆ 60 ದೇಶಗಳ ಅನುಮೋದನೆ ಬೇಕಿತ್ತು. ಆ ಸಂಖ್ಯೆ 2025ರ ಸೆಪ್ಟೆಂಬರ್‌ನಲ್ಲಿ ತುಂಬಿ, 2026ರ ಜನವರಿ 17ರಂದು ಅದು ಜಾರಿಗೆ ಬಂತು.

ಪ್ರತಿ ಒಪ್ಪಂದದ ಕಾರ್ಯಾಲಯವೂ ಸದಸ್ಯ ದೇಶಗಳ ಪಟ್ಟಿಯನ್ನು ದಿನಾಂಕಗಳೊಂದಿಗೆ ಪ್ರಕಟಿಸುತ್ತದೆ. ಏನನ್ನಾದರೂ ಬರೆಯುವ ಮೊದಲು, ನೀವು ಮಾತನಾಡುತ್ತಿರುವ ದೇಶದ ಎದುರಿಗೆ ಈ ಮೂರು ದಿನಾಂಕಗಳಲ್ಲಿ ಎಷ್ಟು ಇವೆಯೆಂದು ನೋಡಿ.

ಪಠ್ಯವನ್ನು ಹಿಂದಿನಿಂದ ಓದಿ

ಮುನ್ನುಡಿಯಲ್ಲಿ ಎಲ್ಲ ಒಪ್ಪಂದಗಳೂ ಒಂದೇ ರೀತಿ ಮಾತನಾಡುತ್ತವೆ. ಮುಂದಿನ ಪೀಳಿಗೆ, ಮನುಕುಲದ ಹಿತ, ನಿಸರ್ಗದ ಅಮೂಲ್ಯತೆ ಎಂಬ ಮಾತುಗಳು ನಿಜವೇ ಆದರೂ ಅವುಗಳಿಂದ ಯಾವ ಬಂದರಿನಲ್ಲೂ ಒಂದು ಪೆಟ್ಟಿಗೆ ತಡೆಹಿಡಿಯಲ್ಪಡುವುದಿಲ್ಲ. ಆದ್ದರಿಂದ ನೇರವಾಗಿ ಕೊನೆಗೆ, ಅನುಬಂಧಗಳಿಗೆ ಹೋಗಿ.

ಸೈಟಿಸ್‌ನ ಶಕ್ತಿಯೆಲ್ಲ ಇರುವುದು ಅದರ ಮೂರು ಅನುಬಂಧಗಳಲ್ಲಿ. ಮೊದಲನೆಯದರಲ್ಲಿರುವ ಜೀವಿಗಳ ವಾಣಿಜ್ಯ ವ್ಯಾಪಾರ ಸಾಮಾನ್ಯವಾಗಿ ನಿಷಿದ್ಧ. ಎರಡನೆಯದರಲ್ಲಿರುವವನ್ನು ಪರವಾನಗಿ ಪಡೆದು ಮಾರಬಹುದು. ಆದರೆ ಆ ರಫ್ತಿನಿಂದ ಕಾಡಿನಲ್ಲಿ ಉಳಿದಿರುವ ಸಂತತಿಗೆ ಕೇಡಿಲ್ಲವೆಂದು ರಫ್ತು ಮಾಡುವ ದೇಶದ ವೈಜ್ಞಾನಿಕ ಪ್ರಾಧಿಕಾರ ಹೇಳಿರಬೇಕು. ಮೂರನೆಯದು, ಒಂದು ದೇಶ ತನ್ನ ನೆಲದ ಜೀವಿಗಾಗಿ ಉಳಿದವರ ಸಹಕಾರ ಕೋರಿ ಸೇರಿಸಿದ ಪಟ್ಟಿ. ಒಟ್ಟು 40,000ಕ್ಕೂ ಹೆಚ್ಚು ಪ್ರಭೇದಗಳು ಈ ಪಟ್ಟಿಗಳಲ್ಲಿವೆ.

ಪಟ್ಟಿಗೆ ಅಂಟಿಕೊಂಡಿರುವ ಟಿಪ್ಪಣಿಗಳನ್ನೂ ಬಿಡಬಾರದು. ಬೀಟೆಯಂಥ ಮರಗಳ ಡಾಲ್ಬರ್ಜಿಯ ಕುಲವನ್ನು ಇಡಿಯಾಗಿ ಎರಡನೆಯ ಅನುಬಂಧಕ್ಕೆ ಸೇರಿಸಿದ್ದು 2017ರ ಜನವರಿಯಲ್ಲಿ ಜಾರಿಗೆ ಬಂದಾಗ, ಗಿಟಾರಿನ ಬೆರಳುಪಟ್ಟಿಗೆ ಅದೇ ಮರವನ್ನು ಬಳಸುತ್ತಿದ್ದ ವಾದ್ಯ ತಯಾರಕರು ಪ್ರತಿಯೊಂದು ರಫ್ತಿಗೂ ಪರವಾನಗಿಗಾಗಿ ಅಲೆಯಬೇಕಾಯಿತು. 2019ರ ಸಭೆಯಲ್ಲಿ ಟಿಪ್ಪಣಿಯನ್ನು ತಿದ್ದಿ, ಸಿದ್ಧಗೊಂಡ ಸಂಗೀತ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಮರದ ದಿಮ್ಮಿಗಳ ಮೇಲಿನ ಬಿಗಿ ಹಾಗೆಯೇ ಉಳಿಯಿತು. ಕಾಡನ್ನು ಬರಿದು ಮಾಡುತ್ತಿದ್ದುದು ದಿಮ್ಮಿಗಳ ವ್ಯಾಪಾರವೇ ಆದ್ದರಿಂದ ಈ ತಿದ್ದುಪಡಿ ಸರಿಯಾದದ್ದೆಂದು ನನ್ನ ಅಭಿಪ್ರಾಯ. ಅಡಿಟಿಪ್ಪಣಿಯ ಒಂದು ಸಾಲು ಯಾರನ್ನು ಬಿಗಿಯುತ್ತದೆ, ಯಾರನ್ನು ಬಿಡುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ಕಡಿಮೆ.

ಅನುಬಂಧದ ಪಕ್ಕದಲ್ಲೇ ಇನ್ನೊಂದು ಪಟ್ಟಿಯಿರುತ್ತದೆ: ಯಾವ ದೇಶ ಯಾವ ಜೀವಿಯ ವಿಷಯದಲ್ಲಿ ತಾನು ಬದ್ಧನಲ್ಲವೆಂದು ಆಕ್ಷೇಪ ಸಲ್ಲಿಸಿದೆ ಎಂಬುದು. ಅನುಬಂಧಗಳು ಬದಲಾದಾಗ ಸಭೆ ಮುಗಿದ 90 ದಿನಗಳೊಳಗೆ ಹೀಗೆ ಹೊರಗುಳಿಯಲು ಸೈಟಿಸ್ ಅವಕಾಶ ಕೊಡುತ್ತದೆ. ಜಪಾನ್, ನಾರ್ವೆ, ಐಸ್‌ಲ್ಯಾಂಡ್‌ಗಳು ಕೆಲವು ತಿಮಿಂಗಿಲಗಳ ವಿಷಯದಲ್ಲಿ ಹೊರಗುಳಿದಿವೆ. ಒಪ್ಪಂದದೊಳಗೆ ಇದ್ದುಕೊಂಡೇ ಒಂದು ಕಾಲು ಹೊರಗಿಟ್ಟಿರುವ ದೇಶಗಳನ್ನು ಸದಸ್ಯರ ಪಟ್ಟಿಯೊಂದನ್ನೇ ನೋಡಿ ಗುರುತಿಸಲಾಗದು.

‘ಸಾಧ್ಯವಾದಷ್ಟು ಮಟ್ಟಿಗೆ, ಸೂಕ್ತವಾದಂತೆ’

ಅನುಬಂಧ ಮುಗಿದ ಮೇಲೆ ವಿಧಿಗಳಿಗೆ ಬನ್ನಿ. ಇಲ್ಲಿ ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಗೆರೆ ಹಾಕುವುದು ಅತ್ಯಂತ ಫಲಕಾರಿಯಾದ ಅಭ್ಯಾಸ. ಜೀವವೈವಿಧ್ಯ ಒಡಂಬಡಿಕೆಯ 8ನೆಯ ವಿಧಿ, ಜೀವಿಗಳನ್ನು ಅವುಗಳ ನೆಲೆಯಲ್ಲೇ ಕಾಪಾಡುವ ಕುರಿತದ್ದು. ಸಂರಕ್ಷಿತ ಪ್ರದೇಶಗಳ ಸ್ಥಾಪನೆಯಿಂದ ಹಿಡಿದು ಅನ್ಯ ಪ್ರಭೇದಗಳ ನಿಯಂತ್ರಣದವರೆಗೆ ದೊಡ್ಡ ದೊಡ್ಡ ಕರ್ತವ್ಯಗಳು ಅದರಲ್ಲಿವೆ. ಆದರೆ ವಿಧಿ ಆರಂಭವಾಗುವುದೇ, ಪ್ರತಿ ಸದಸ್ಯ ದೇಶವೂ ಇವನ್ನು ಸಾಧ್ಯವಾದಷ್ಟು ಮಟ್ಟಿಗೆ ಮತ್ತು ಸೂಕ್ತವಾದಂತೆ ಮಾಡತಕ್ಕದ್ದು ಎಂಬ ಮಾತಿನಿಂದ. ‘ಮಾಡತಕ್ಕದ್ದು’ ಎಂಬ ಗಟ್ಟಿ ಪದವನ್ನು ‘ಸಾಧ್ಯವಾದಷ್ಟು’ ಎಂಬ ಮೆತ್ತನೆಯ ಪದ ಸಡಿಲಗೊಳಿಸುತ್ತದೆ. ಇದೇ ನುಡಿಗಟ್ಟು ಮುಂದಿನ ಹಲವು ವಿಧಿಗಳಲ್ಲೂ ಮರುಕಳಿಸುತ್ತದೆ. ಮೂಲನಿವಾಸಿ ಸಮುದಾಯಗಳ ಅರಿವನ್ನು ಗೌರವಿಸಿ ಉಳಿಸಬೇಕೆನ್ನುವ ಉಪವಿಧಿಯಂತೂ ಆಯಾ ದೇಶದ ಕಾನೂನಿಗೆ ಒಳಪಟ್ಟು ಎಂಬ ಇನ್ನೂ ಒಂದು ಷರತ್ತನ್ನು ಹೊತ್ತಿದೆ.

ಈಗ ಅದೇ ಒಡಂಬಡಿಕೆಯ 26ನೆಯ ವಿಧಿಯನ್ನು ತೆಗೆಯಿರಿ. ಪ್ರತಿ ದೇಶವೂ ತಾನು ಕೈಗೊಂಡ ಕ್ರಮಗಳ ಬಗ್ಗೆ, ಅವು ಎಷ್ಟು ಫಲಕಾರಿಯಾದವು ಎಂಬುದರ ಬಗ್ಗೆ ನಿಗದಿತ ಕಾಲಾವಧಿಗಳಲ್ಲಿ ವರದಿ ಸಲ್ಲಿಸತಕ್ಕದ್ದು ಎಂದು ಅದು ಹೇಳುತ್ತದೆ. ಇಲ್ಲಿ ‘ಸಾಧ್ಯವಾದಷ್ಟು’ ಇಲ್ಲ, ‘ಸೂಕ್ತವಾದಂತೆ’ ಇಲ್ಲ. ಕಾಡನ್ನು ಕಾಪಾಡುವ ಕರ್ತವ್ಯಕ್ಕೆ ಸಡಿಲ, ಕಾಪಾಡಿದೆನೋ ಇಲ್ಲವೋ ಎಂದು ಲೆಕ್ಕ ಒಪ್ಪಿಸುವ ಕರ್ತವ್ಯಕ್ಕೆ ಬಿಗಿ! ಮೊದಲ ಸಲ ಇವೆರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿದಾಗ ನನಗೆ ಬೇಸರವಾಗಿತ್ತು. ಆದರೆ ಹೊರಗಿನಿಂದ ಒತ್ತಾಯಿಸುವವರಿಗೆ ಹಿಡಿಕೆ ಇರುವುದು ಇಲ್ಲಿಯೇ ಎಂದು ಈಗ ತಿಳಿದಿದ್ದೇನೆ. ಈ ವಿಧಿಗೆ ಮತ್ತೆ ಬರುತ್ತೇನೆ.

ಒಡಂಬಡಿಕೆ ಮೆತ್ತಗಿರುವುದರಿಂದಲೇ ಅದರ ಕೆಳಗೆ ಕಾಲಕಾಲಕ್ಕೆ ಸಂಖ್ಯೆಯ ಗುರಿಗಳನ್ನು ಇಟ್ಟುಕೊಳ್ಳುತ್ತಾರೆ. 2010ರಲ್ಲಿ ಜಪಾನಿನಲ್ಲಿ ಒಪ್ಪಿಕೊಂಡ 20 ಐಚಿ ಗುರಿಗಳಲ್ಲಿ ಒಂದೂ 2020ರ ಹೊತ್ತಿಗೆ ಪೂರ್ಣವಾಗಿ ಈಡೇರಲಿಲ್ಲ. ಆರು ಭಾಗಶಃ ಈಡೇರಿದವು. ಹಾಗೆ ಭಾಗಶಃ ಈಡೇರಿದವುಗಳಲ್ಲಿ ನೆಲದ 17 ಶೇಕಡಾ, ಕಡಲಿನ 10 ಶೇಕಡಾ ಭಾಗವನ್ನು ಸಂರಕ್ಷಿಸುವ ಗುರಿಯೂ ಒಂದು. ಅಂಕಿಯಿದ್ದ ಕಡೆ ಒಂದಿಷ್ಟು ಓಟ ಕಂಡಿತು, ಆದರೆ ಆ ಪ್ರದೇಶಗಳು ನಿಜಕ್ಕೂ ಚೆನ್ನಾಗಿ ನಿರ್ವಹಣೆಯಾಗುತ್ತಿವೆಯೇ ಎಂಬ ಗುಣಮಟ್ಟದ ಮಾತು ಹಿಂದೆ ಬಿತ್ತು. 2022ರ ಡಿಸೆಂಬರ್‌ನ ಕುನ್ಮಿಂಗ್-ಮಾಂಟ್ರಿಯಲ್ ಚೌಕಟ್ಟು ಐಚಿ ಗುರಿಗಳ ಜಾಗಕ್ಕೆ ಬಂತು, ಅದರಲ್ಲಿ 23 ಗುರಿಗಳಿವೆ. 2030ರೊಳಗೆ ನೆಲ ಮತ್ತು ಕಡಲಿನ ತಲಾ 30 ಶೇಕಡಾ ಎಂಬ ಗುರಿ ಎಲ್ಲರ ಬಾಯಲ್ಲಿದೆ. ಅದನ್ನು ಓದುವಾಗ 30 ಎಂಬ ಅಂಕಿಯನ್ನು ಮಾತ್ರ ಬರೆದುಕೊಳ್ಳದೆ, ‘ಪರಿಣಾಮಕಾರಿಯಾಗಿ’ ಸಂರಕ್ಷಿಸಿ ನಿರ್ವಹಿಸಬೇಕು ಎಂಬ ಪದವನ್ನೂ ಬರೆದುಕೊಳ್ಳಿ. ಮುಂದೆ ವಾದ ಹುಟ್ಟುವುದು ಆ ಪದದ ಮೇಲೆಯೇ.

ಅಳೆಯುವ ಕೋಲನ್ನು ಪರೀಕ್ಷಿಸಿ

ಒಪ್ಪಂದವೊಂದು ಏನನ್ನು ಎಣಿಸುತ್ತದೆ ಎಂಬುದರ ಮೇಲೆ ಜೀವಿಗಳ ಅಳಿವು ಉಳಿವು ನಿಂತಿರಬಹುದೆಂಬುದಕ್ಕೆ ತಿಮಿಂಗಿಲ ಬೇಟೆಯ ಒಪ್ಪಂದಕ್ಕಿಂತ ಸ್ಪಷ್ಟವಾದ ಕಥೆ ನನಗೆ ತಿಳಿದಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1946ರಲ್ಲಿ ತಿಮಿಂಗಿಲ ಬೇಟೆಯನ್ನು ನಿಯಂತ್ರಿಸಲು ದೇಶಗಳು ಒಪ್ಪಂದ ಮಾಡಿಕೊಂಡವು. ಅಂಟಾರ್ಕ್ಟಿಕ ಕಡಲಿನಲ್ಲಿ ಒಂದು ಋತುವಿಗೆ 16,000 ನೀಲಿ ತಿಮಿಂಗಿಲ ಮಾನ ಎಂಬ ಮಿತಿ ಬಂತು. ಈ ಮಾನದ ಲೆಕ್ಕ ಹೀಗಿತ್ತು: ಒಂದು ನೀಲಿ ತಿಮಿಂಗಿಲವೆಂದರೆ ಎರಡು ಫಿನ್ ತಿಮಿಂಗಿಲ, ಅಥವಾ ಎರಡೂವರೆ ಹಂಪ್‌ಬ್ಯಾಕ್, ಅಥವಾ ಆರು ಸೇಯ್ ತಿಮಿಂಗಿಲ. ಅಂದರೆ ಅವರು ಎಣಿಸಿದ್ದು ಜೀವಿಗಳನ್ನಲ್ಲ, ಅವುಗಳಿಂದ ಬರುವ ಎಣ್ಣೆಯನ್ನು. ಒಟ್ಟು ಮಿತಿಯೊಳಗೆ ಯಾವ ಜಾತಿಯನ್ನು ಎಷ್ಟು ಬೇಕಾದರೂ ಕೊಲ್ಲಬಹುದಿತ್ತು. ಒಂದು ಬೆನ್ನಟ್ಟುವಿಕೆಗೆ ಅತಿ ಹೆಚ್ಚು ಎಣ್ಣೆ ಕೊಡುವುದು ನೀಲಿ ತಿಮಿಂಗಿಲವಾದ್ದರಿಂದ, ಅದು ಅಪರೂಪವಾಗುತ್ತಾ ಬಂದರೂ ಕಂಡ ಕೂಡಲೇ ಅದನ್ನೇ ಕೊಲ್ಲುವುದು ಬೇಟೆಗಾರನಿಗೆ ಲಾಭದಾಯಕವಾಗಿಯೇ ಉಳಿಯಿತು. ಅದು ಸಿಗದಾದಾಗ ಫಿನ್, ಅದು ಕ್ಷೀಣಿಸಿದಾಗ ಸೇಯ್ ಎಂದು ಹಡಗುಗಳು ಒಂದೊಂದೇ ಮೆಟ್ಟಿಲು ಇಳಿದವು. ಜೊತೆಗೆ ಆ ಒಟ್ಟು ಮಿತಿಯನ್ನು ಬಹುಕಾಲ ದೇಶಗಳ ನಡುವೆ ಹಂಚಿರಲಿಲ್ಲ. ಮಿತಿ ತುಂಬುವುದರೊಳಗೆ ತನ್ನ ಪಾಲು ಬಾಚಿಕೊಳ್ಳಬೇಕೆಂದು ಪ್ರತಿ ದೇಶವೂ ಹೆಚ್ಚು ಹಡಗು, ಹೆಚ್ಚು ವೇಗವೆಂದು ಪೈಪೋಟಿಗಿಳಿಯಿತು.

ಎಣಿಕೆಯೂ ಸುಳ್ಳಾಗಿತ್ತು. ಸೋವಿಯತ್ ಒಕ್ಕೂಟದ ಹಡಗುಗಳು ಸುಮಾರು 1,80,000 ತಿಮಿಂಗಿಲಗಳನ್ನು ವರದಿ ಮಾಡದೆಯೇ ಕೊಂದಿದ್ದವೆಂಬ ಸಂಗತಿ, ಆ ಹಡಗುಗಳಲ್ಲಿದ್ದ ವಿಜ್ಞಾನಿಗಳು ಜೋಪಾನ ಮಾಡಿದ್ದ ನಿಜವಾದ ದಾಖಲೆಗಳಿಂದ 1990ರ ದಶಕದಲ್ಲಿ ಹೊರಬಂತು. ರಷ್ಯಾದ ಜೀವವಿಜ್ಞಾನಿ ಅಲೆಕ್ಸಿ ಯಾಬ್ಲೊಕೊವ್ ಅದನ್ನು 1993ರಲ್ಲಿ ಬಹಿರಂಗಪಡಿಸಿದರು. 20ನೆಯ ಶತಮಾನದಲ್ಲಿ ಒಟ್ಟು ಸುಮಾರು 29 ಲಕ್ಷ ತಿಮಿಂಗಿಲಗಳು ಬೇಟೆಗೆ ಬಲಿಯಾದವು.

ಮುಂದೆ ಆದದ್ದೂ ಅಷ್ಟೇ ಮುಖ್ಯ. ಎಣ್ಣೆಯ ಮಾನವನ್ನು 1972ರಲ್ಲಿ ಕೈಬಿಟ್ಟು ಜಾತಿವಾರು ಮಿತಿ ತಂದರು. ಬೇರೆ ದೇಶದ ವೀಕ್ಷಕರು ಹಡಗು ಹತ್ತುವ ಏರ್ಪಾಡು ಆಯಿತು. 1982ರಲ್ಲಿ ವಾಣಿಜ್ಯ ಬೇಟೆಯನ್ನೇ ನಿಲ್ಲಿಸುವ ತೀರ್ಮಾನವಾಗಿ, 1985-86ರ ಋತುವಿನಿಂದ ಅನ್ವಯವಾಯಿತು. ನೈಋತ್ಯ ಅಟ್ಲಾಂಟಿಕ್‌ನಲ್ಲಿ ಕೆಲವೇ ನೂರಕ್ಕೆ ಇಳಿದಿದ್ದ ಹಂಪ್‌ಬ್ಯಾಕ್ ತಿಮಿಂಗಿಲಗಳು ಈಗ ಸುಮಾರು 25,000ಕ್ಕೆ ಏರಿವೆಯೆಂದು 2019ರ ಅಧ್ಯಯನವೊಂದು ಅಂದಾಜಿಸಿತು. ನಾರ್ವೆ ಆಕ್ಷೇಪ ಸಲ್ಲಿಸಿ ಬೇಟೆ ಮುಂದುವರಿಸಿದೆ, ಜಪಾನ್ 2019ರಲ್ಲಿ ಒಪ್ಪಂದದಿಂದಲೇ ಹೊರನಡೆದಿದೆ. ಆದರೂ ಹಳೆಯ ಪ್ರಮಾಣದ ಬೇಟೆ ಮರಳಿಲ್ಲ. 1946ರ ಒಪ್ಪಂದವೇ ಇಂದಿಗೂ ಇರುವುದು. ಬದಲಾದದ್ದು ಏನನ್ನು ಎಣಿಸುತ್ತಾರೆ, ಯಾರು ಎಣಿಸುತ್ತಾರೆ ಎಂಬ ಎರಡು ಸಂಗತಿಗಳು, ಆಮೇಲೆ ಅದರ ಮೇಲೆ ನಿಂತ ನಿಷೇಧ.

ಆದ್ದರಿಂದ ಯಾವ ಒಪ್ಪಂದವನ್ನು ಕೈಗೆತ್ತಿಕೊಂಡರೂ ಅಳತೆಯ ಮಾನ ಯಾವುದೆಂದು ಮೊದಲು ಬರೆದುಕೊಳ್ಳಿ. ಸಂರಕ್ಷಿತ ಪ್ರದೇಶದ ಚದರ ಕಿಲೋಮೀಟರ್ ಎಣಿಸುತ್ತಿದ್ದಾರೆಯೇ, ಅದರೊಳಗಿನ ಜೀವಿಗಳನ್ನೇ? ನೆಟ್ಟ ಸಸಿಗಳನ್ನೇ, ಉಳಿದ ಕಾಡನ್ನೇ? ಲೆಕ್ಕ ಕೊಡುವವನೂ ಲಾಭ ಪಡೆಯುವವನೂ ಒಬ್ಬನೇ ಆಗಿದ್ದರೆ ಆ ಅಂಕಿಯನ್ನು ಬೇರೊಂದು ಮೂಲದಿಂದ ತಾಳೆ ನೋಡದೆ ಬಳಸಬೇಡಿ.

ಉಳಿಸಿದವರಿಗೆ ಏನು ಸಿಗುತ್ತದೆ?

ಒಪ್ಪಂದದ ಆಯಸ್ಸನ್ನು ನಿರ್ಧರಿಸುವುದು ಬಹುಮಟ್ಟಿಗೆ ಈ ಪ್ರಶ್ನೆ. ಉತ್ತರ ಪೆಸಿಫಿಕ್‌ನ ತುಪ್ಪಳದ ಸೀಲುಗಳನ್ನು ನಡುಗಡಲಿನಲ್ಲಿ ಗುಂಡಿಟ್ಟು ಕೊಲ್ಲುತ್ತಿದ್ದ ಕಾಲದಲ್ಲಿ, ಮೇವಿಗೆ ಹೋದ ತಾಯಿ ಸಾಯುತ್ತಿತ್ತು, ದಡದಲ್ಲಿ ಮರಿ ಹಸಿವಿನಿಂದ ಸಾಯುತ್ತಿತ್ತು, ಗುಂಡು ತಗುಲಿದ ಎಷ್ಟೋ ಸೀಲುಗಳು ಯಾರಿಗೂ ದಕ್ಕದೆ ಮುಳುಗುತ್ತಿದ್ದವು. 1911ರಲ್ಲಿ ಅಮೆರಿಕ, ರಷ್ಯಾ, ಜಪಾನ್, ಕೆನಡಾದ ಪರವಾಗಿ ಬ್ರಿಟನ್ ಸೇರಿ ಕಡಲಿನ ಬೇಟೆಯನ್ನು ನಿಷೇಧಿಸಿದವು. ಸೀಲುಗಳು ಮರಿ ಹಾಕುವ ದ್ವೀಪಗಳು ಹೆಚ್ಚಾಗಿ ಅಮೆರಿಕ ಮತ್ತು ರಷ್ಯಾದ ಕೈಯಲ್ಲಿದ್ದುದರಿಂದ, ಬೇಟೆ ಬಿಟ್ಟುಕೊಟ್ಟ ಜಪಾನ್ ಮತ್ತು ಕೆನಡಾಗಳಿಗೆ ದ್ವೀಪದ ತುಪ್ಪಳದಲ್ಲಿ ತಲಾ 15 ಶೇಕಡಾ ಪಾಲು ಕೊಡುವುದೆಂದು ತೀರ್ಮಾನವಾಯಿತು. ಬಿಟ್ಟುಕೊಟ್ಟವರಿಗೂ ಒಪ್ಪಂದದೊಳಗೆ ಉಳಿಯುವುದೇ ಲಾಭವಾಯಿತು. ಸೀಲುಗಳ ಸಂಖ್ಯೆ ಮುಂದಿನ ದಶಕಗಳಲ್ಲಿ ಚೇತರಿಸಿತು. ಆಂಡೀಸ್ ಪರ್ವತಗಳ ವಿಕುನ್ಯಾ ಎಂಬ ಒಂಟೆ ಜಾತಿಯ ಪುಟ್ಟ ಪ್ರಾಣಿಯ ವಿಷಯದಲ್ಲೂ ಹೀಗೆಯೇ ಆಯಿತು. ನಯವಾದ ಉಣ್ಣೆಗಾಗಿ ಕೊಂದು ಕೊಂದು 1960ರ ದಶಕದ ಹೊತ್ತಿಗೆ ಕೆಲವೇ ಸಾವಿರ ಉಳಿದಿದ್ದವು. ಮೊದಲು ಕಟ್ಟುನಿಟ್ಟಿನ ನಿಷೇಧ, ಆಮೇಲೆ ಜೀವಂತ ಪ್ರಾಣಿಯಿಂದ ಕತ್ತರಿಸಿದ ಉಣ್ಣೆಯನ್ನು ಮಾತ್ರ ಮಾರಲು ಸ್ಥಳೀಯ ಸಮುದಾಯಗಳಿಗೆ ಅವಕಾಶ ಎಂಬ ಕ್ರಮದಿಂದ ಇಂದು ಅವು ಲಕ್ಷಗಳಲ್ಲಿವೆ.

ಇದರ ಎದುರಿಗೆ ಕ್ಯಾಲಿಫೋರ್ನಿಯಾ ಕೊಲ್ಲಿಯ ವಕೀಟಾ ಎಂಬ ಪುಟ್ಟ ಕಡಲಹಂದಿಯನ್ನು ಇಡಬೇಕು. ಟೊಟೊಆಬಾ ಮೀನಿನ ಈಜುಚೀಲಕ್ಕಾಗಿ ಹಾಕುವ ಬಲೆಗಳಿಗೆ ಸಿಕ್ಕಿ ಅದು ಸಾಯುತ್ತದೆ. ಟೊಟೊಆಬಾ 1977ರಿಂದ ಸೈಟಿಸ್‌ನ ಮೊದಲ ಅನುಬಂಧದಲ್ಲಿದೆ, ವಕೀಟಾ ಕೂಡ ಅದರಲ್ಲಿಯೇ ಇದೆ. ಆದರೂ ಇಂದು ಉಳಿದಿರುವ ವಕೀಟಾಗಳು 10ರ ಆಸುಪಾಸಿನಲ್ಲಿವೆ. ಪಟ್ಟಿಯಲ್ಲಿ ಹೆಸರಿದೆ, ಆದರೆ ಕಳ್ಳ ವ್ಯಾಪಾರದ ಆದಾಯಕ್ಕೆ ಬದಲಾಗಿ ನಿಲ್ಲುವಂಥ ಬೇರೊಂದು ಬದುಕು ಆ ದಡದ ಮೀನುಗಾರರಿಗೆ ದೊರೆಯಲಿಲ್ಲ, ಬಲೆಗಳು ನೀರಿಗೆ ಇಳಿಯುವುದು ನಿಲ್ಲಲಿಲ್ಲ.

ಕುನ್ಮಿಂಗ್-ಮಾಂಟ್ರಿಯಲ್ ಚೌಕಟ್ಟನ್ನು ಇದೇ ಕಣ್ಣಿನಿಂದ ಓದುವುದಾದರೆ 18 ಮತ್ತು 19ನೆಯ ಗುರಿಗಳೇ ತಿರುಳು. ಜೀವವೈವಿಧ್ಯಕ್ಕೆ ಹಾನಿ ಮಾಡುವ ಸಬ್ಸಿಡಿಗಳನ್ನು 2030ರ ಹೊತ್ತಿಗೆ ವರ್ಷಕ್ಕೆ ಕನಿಷ್ಠ 50,000 ಕೋಟಿ ಡಾಲರ್‌ನಷ್ಟು ತಗ್ಗಿಸಬೇಕೆಂದು ಮೊದಲನೆಯದು ಹೇಳುತ್ತದೆ. ಎಲ್ಲ ಮೂಲಗಳಿಂದ ವರ್ಷಕ್ಕೆ 20,000 ಕೋಟಿ ಡಾಲರ್ ಒಗ್ಗೂಡಿಸಬೇಕು, ಅದರಲ್ಲಿ ಶ್ರೀಮಂತ ದೇಶಗಳಿಂದ ಅಭಿವೃದ್ಧಿಶೀಲ ದೇಶಗಳಿಗೆ ಹೋಗುವ ಪಾಲು 2025ರೊಳಗೆ ವರ್ಷಕ್ಕೆ 2,000 ಕೋಟಿ, 2030ರೊಳಗೆ 3,000 ಕೋಟಿ ಡಾಲರ್ ಆಗಬೇಕು ಎಂದು ಎರಡನೆಯದು ಹೇಳುತ್ತದೆ. ಹಾನಿಗೆ ಕೊಡುವ ಹಣವೇ ಕಾಪಾಡಲು ಕೇಳುವ ಹಣಕ್ಕಿಂತ ದೊಡ್ಡದು ಎಂಬುದನ್ನು ಈ ಅಂಕಿಗಳೇ ಒಪ್ಪಿಕೊಂಡಂತಿವೆ.

ತೀರ್ಮಾನ ಹೇಗೆ ಆಗುತ್ತದೆ, ಹೆಸರು ಹೇಗೆ ಕಳೆಯುತ್ತದೆ

ಮತದಾನದ ನಿಯಮವನ್ನು ಒಂದು ಸಾಲಿನಲ್ಲಾದರೂ ಬರೆದಿಟ್ಟುಕೊಳ್ಳಿ. ಸೈಟಿಸ್‌ನಲ್ಲಿ ಹಾಜರಿದ್ದು ಮತ ಹಾಕುವವರ ಮೂರರಲ್ಲಿ ಎರಡು ಭಾಗದ ಬಹುಮತ ಸಾಕು. ಅಂಟಾರ್ಕ್ಟಿಕದ ಕಡಲ ಜೀವಿಗಳನ್ನು ನೋಡಿಕೊಳ್ಳುವ ಆಯೋಗದಲ್ಲಿ ಒಮ್ಮತ ಬೇಕು. ರಾಸ್ ಸಮುದ್ರದ ಸುಮಾರು 15.5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ರಕ್ಷಿಸುವ ತೀರ್ಮಾನ ವರ್ಷಗಟ್ಟಲೆ ಎಳೆದಾಡಿ 2016ರಲ್ಲಿ ಆಯಿತು, ಅದೂ 35 ವರ್ಷಗಳ ಅವಧಿಗೆ ಮಾತ್ರ. ಒಮ್ಮತದ ತೀರ್ಮಾನ ತಡವಾದರೂ ಅದನ್ನು ಮುರಿಯುವುದು ಯಾರಿಗೂ ಸುಲಭವಲ್ಲ.

ಶಿಕ್ಷೆ ವಿಧಿಸುವ ನ್ಯಾಯಾಲಯ ಈ ಒಪ್ಪಂದಗಳಿಗೆ ಹೆಚ್ಚಾಗಿ ಇಲ್ಲದಿರುವುದರಿಂದ ಅವುಗಳ ಬಲ ಬಹುಮಟ್ಟಿಗೆ ಹೆಸರು ಮತ್ತು ಅಪಕೀರ್ತಿಯಲ್ಲಿದೆ. ಅದನ್ನು ಹಗುರವಾಗಿ ಕಾಣಬಾರದು. ಬೆಲೀಜ್ ದೇಶದ ಹವಳದ ದಿಬ್ಬ 2009ರಲ್ಲಿ ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿ ಸೇರಿತು. ಆ ದೇಶ ತನ್ನ ಇಡೀ ಕಡಲಿನಲ್ಲಿ ತೈಲ ಶೋಧನೆಯನ್ನು ಕಾನೂನಿನ ಮೂಲಕ ನಿಲ್ಲಿಸಿದ ಮೇಲೆ 2018ರಲ್ಲಿ ಪಟ್ಟಿಯಿಂದ ಹೊರಬಂತು. ಒಡಿಶಾದ ಚಿಲಿಕಾ ಸರೋವರವನ್ನು 1993ರಲ್ಲಿ ರಾಮ್‌ಸರ್‌ನ ಮಾಂಟ್ರೋ ದಾಖಲೆಗೆ, ಅಂದರೆ ಸ್ವರೂಪ ಕೆಡುತ್ತಿರುವ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿಸಲಾಗಿತ್ತು. 2000ದಲ್ಲಿ ಕಡಲಿಗೆ ಹೊಸ ಅಳಿವೆ ತೆರೆದು ಉಪ್ಪುನೀರಿನ ಹರಿವನ್ನು ಮರಳಿ ತಂದ ಮೇಲೆ 2002ರಲ್ಲಿ ಅದರ ಹೆಸರನ್ನು ತೆಗೆದರು. ತದ್ವಿರುದ್ಧವಾದ ಉದಾಹರಣೆ ಓಮನ್‌ನದು: ಅರೇಬಿಯನ್ ಓರಿಕ್ಸ್ ಜಿಂಕೆಗಳ ರಕ್ಷಿತಾರಣ್ಯದಲ್ಲಿ 1996ರಲ್ಲಿ 450ರಷ್ಟಿದ್ದ ಪ್ರಾಣಿಗಳು 65ಕ್ಕೆ ಇಳಿದವು, ಸರ್ಕಾರ ಅದರ ವಿಸ್ತೀರ್ಣವನ್ನು 90 ಶೇಕಡಾ ಕುಗ್ಗಿಸಿತು, 2007ರಲ್ಲಿ ಆ ತಾಣ ವಿಶ್ವ ಪರಂಪರೆಯ ಪಟ್ಟಿಯಿಂದಲೇ ಹೊರಬಿತ್ತು. ಅಂಥ ಗತಿ ಕಂಡ ಮೊದಲ ತಾಣ ಅದು. ಅಪಕೀರ್ತಿಗೆ ಅಂಜುವ ಸರ್ಕಾರದ ಮೇಲೆ ಮಾತ್ರ ಪಟ್ಟಿ ಕೆಲಸ ಮಾಡುತ್ತದೆ.

ಒಪ್ಪಂದ ಇರದಿದ್ದರೆ ಏನಾಗುತ್ತಿತ್ತು?

ಬೆಲೆ ಕಟ್ಟುವ ಕೆಲಸದಲ್ಲಿ ಇದು ಅತ್ಯಂತ ಕಷ್ಟದ ಹಂತ. ಇಳಿಯುತ್ತಿರುವ ಅಂಕಿಯೊಂದನ್ನು ತೋರಿಸಿ ಒಪ್ಪಂದ ಸೋತಿತೆನ್ನುವುದಾಗಲೀ, ಏರಿದ ಅಂಕಿಯನ್ನು ತೋರಿಸಿ ಗೆದ್ದಿತೆನ್ನುವುದಾಗಲೀ ಸಲ್ಲದು. ಆಫ್ರಿಕದ ಆನೆಗಳು 1979ರಲ್ಲಿ ಸುಮಾರು 13 ಲಕ್ಷವಿದ್ದು, ಹತ್ತೇ ವರ್ಷಗಳಲ್ಲಿ 6 ಲಕ್ಷದ ಆಸುಪಾಸಿಗೆ ಇಳಿದವೆಂಬ ಅಂದಾಜಿತ್ತು. 1989ರ ಲಾಸಾನ್ ಸಭೆಯಲ್ಲಿ ಅವನ್ನು ಸೈಟಿಸ್‌ನ ಮೊದಲ ಅನುಬಂಧಕ್ಕೆ ಏರಿಸಿ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಲ್ಲಿಸಿದರು. ಪಾಶ್ಚಾತ್ಯ ಮಾರುಕಟ್ಟೆಗಳಲ್ಲಿ ದಂತದ ಬೇಡಿಕೆ ಕುಸಿಯಿತು. ಆಮೇಲೆ 1999ರಲ್ಲೂ 2008ರಲ್ಲೂ ಕೆಲವು ದೇಶಗಳಿಗೆ ದಾಸ್ತಾನು ಮಾರಲು ಒಮ್ಮೆ ಮಾತ್ರದ ಅನುಮತಿ ಸಿಕ್ಕಿತು. 2011ರ ಹೊತ್ತಿಗೆ ಕಳ್ಳಬೇಟೆ ಮತ್ತೆ ಉತ್ತುಂಗಕ್ಕೇರಿತು. ಆ ಮಾರಾಟಗಳೇ ಕಾರಣವೋ, ಏರಿದ ಬೇಡಿಕೆ ಕಾರಣವೋ, ಕಾವಲಿನ ಕೊರತೆ ಕಾರಣವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಚೀನಾ 2017ರ ಕೊನೆಗೆ ತನ್ನ ಒಳನಾಡಿನ ದಂತದ ಮಾರುಕಟ್ಟೆಯನ್ನೇ ಮುಚ್ಚಿತು. ಒಳನಾಡಿನ ವ್ಯಾಪಾರವನ್ನು ನಿಲ್ಲಿಸುವ ಅಧಿಕಾರ ಸೈಟಿಸ್‌ಗೆ ಇಲ್ಲ, ಅದು ಗಡಿ ದಾಟುವ ವ್ಯಾಪಾರವನ್ನು ಮಾತ್ರ ಹಿಡಿಯಬಲ್ಲದು.

ಇಂಥ ಕಡೆ ಪ್ರಾಮಾಣಿಕವಾದ ದಾರಿಯೆಂದರೆ ಹೋಲಿಕೆ. ಪಟ್ಟಿಯಲ್ಲಿರುವ ಜೀವಿಯನ್ನು ಪಟ್ಟಿಯಲ್ಲಿರದ ಅದರ ಹತ್ತಿರದ ಸಂಬಂಧಿಯೊಂದಿಗೆ, ಅನುಮೋದಿಸಿದ ದೇಶವನ್ನು ಅನುಮೋದಿಸದ ನೆರೆ ದೇಶದೊಂದಿಗೆ, ತೀರ್ಮಾನಕ್ಕೆ ಮೊದಲಿನ ಹತ್ತು ವರ್ಷವನ್ನು ನಂತರದ ಹತ್ತು ವರ್ಷದೊಂದಿಗೆ ಇಟ್ಟು ನೋಡಿ. ಇಳಿಕೆ ನಿಲ್ಲದಿದ್ದರೂ ಅದರ ವೇಗ ತಗ್ಗಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವರದಿಯನ್ನು ಕೈಗೆತ್ತಿಕೊಳ್ಳಿ

ಈಗ 26ನೆಯ ವಿಧಿಗೆ ಮರಳೋಣ. ನಿಮ್ಮ ದೇಶ ಜೀವವೈವಿಧ್ಯ ಒಡಂಬಡಿಕೆಗೆ ಸಲ್ಲಿಸಿದ ರಾಷ್ಟ್ರೀಯ ವರದಿಗಳು ಒಡಂಬಡಿಕೆಯ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿರುತ್ತವೆ. ಏಳನೆಯ ವರದಿಯನ್ನು ಸಲ್ಲಿಸಲು ದೇಶಗಳಿಗೆ ಗೊತ್ತುಪಡಿಸಿದ ದಿನ 2026ರ ಫೆಬ್ರವರಿ 28. ಹಿಂದಿನ ವರದಿಯನ್ನೂ ದೇಶದ ಜೀವವೈವಿಧ್ಯ ಕಾರ್ಯಯೋಜನೆಯನ್ನೂ ಜೊತೆಗಿಟ್ಟುಕೊಂಡು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಒಂದು ವಿಷಯವನ್ನು ಆರಿಸಿಕೊಳ್ಳಿ; ಒಂದು ಜೌಗು ಪ್ರದೇಶ, ಒಂದು ಹಕ್ಕಿ, ಒಂದು ಸಂರಕ್ಷಿತ ಅರಣ್ಯ ಸಾಕು. ಎರಡು ವರದಿಗಳಲ್ಲಿ ಅದರ ಬಗ್ಗೆ ಏನಿದೆ, ಯಾವ ಅಂಕಿ ಬದಲಾಗಿದೆ, ಯಾವ ಮಾತು ಸದ್ದಿಲ್ಲದೆ ಮಾಯವಾಗಿದೆ, ಮಾಡುತ್ತೇವೆಂದದ್ದು ಮಾಡುತ್ತಿದ್ದೇವೆ ಎಂದಷ್ಟೇ ಆಗಿದೆಯೇ, ಮಾಡಿದ್ದೇವೆ ಎಂದಾಗಿದೆಯೇ ಎಂದು ಸಾಲು ಸಾಲಾಗಿ ಗುರುತಿಸಿ. ನಂತರ ಆ ಸ್ಥಳವನ್ನು ಕಣ್ಣಾರೆ ನೋಡಿ ಬನ್ನಿ.

ಕಂಡದ್ದಕ್ಕೂ ಬರೆದದ್ದಕ್ಕೂ ಅಂತರವಿದ್ದರೆ ಒಪ್ಪಂದದ ಕಾರ್ಯಾಲಯಕ್ಕೆ ಪತ್ರ ಬರೆಯಿರಿ. ಸ್ಥಳ ರಾಮ್‌ಸರ್ ಪಟ್ಟಿಯಲ್ಲಿದ್ದರೆ ಉಲ್ಲೇಖಿಸಬೇಕಾದದ್ದು 3ನೆಯ ವಿಧಿಯ 2ನೆಯ ಉಪವಿಧಿ; ಸ್ವರೂಪ ಬದಲಾದರೆ ಅಥವಾ ಬದಲಾಗುವಂತಿದ್ದರೆ ತಡಮಾಡದೆ ತಿಳಿಸುವುದು ಸರ್ಕಾರದ ಕರ್ತವ್ಯವೆಂದು ಅದು ಹೇಳುತ್ತದೆ, ಹೊರಗಿನವರು ಮಾಹಿತಿ ಕಳಿಸಿದಾಗಲೂ ಕಾರ್ಯಾಲಯ ಆ ಸರ್ಕಾರವನ್ನು ವಿಚಾರಿಸುವ ರೂಢಿಯಿದೆ. ವಿಶ್ವ ಪರಂಪರೆಯ ತಾಣಗಳ ವಿಷಯದಲ್ಲೂ ಹೀಗೆಯೇ ಮಾಹಿತಿ ಕಳಿಸಬಹುದು. ಪತ್ರದಲ್ಲಿ ಆಕ್ರೋಶಕ್ಕಿಂತ ದಿನಾಂಕ ಹಾಕಿದ ಚಿತ್ರಗಳು, ವರದಿಯ ಪುಟಸಂಖ್ಯೆ, ವಿಧಿಯ ಸಂಖ್ಯೆ ಇರಲಿ. ಪತ್ರದ ಒಂದು ಪ್ರತಿಯನ್ನು ನಿಮ್ಮ ದೇಶದ ಸಂಬಂಧಪಟ್ಟ ಸಚಿವಾಲಯಕ್ಕೂ, ಇನ್ನೊಂದನ್ನು ಆ ವಿಷಯದಲ್ಲಿ ಈಗಾಗಲೇ ದುಡಿಯುತ್ತಿರುವ, ಒಪ್ಪಂದದ ಸಭೆಗಳಿಗೆ ವೀಕ್ಷಕರಾಗಿ ಹೋಗುವ ಸಂಸ್ಥೆಗೂ ಕಳಿಸಿ. ಸಭೆಯ ಕೋಣೆಯೊಳಗೆ ನಿಮ್ಮ ಪ್ರಶ್ನೆಯನ್ನು ಎತ್ತಬಲ್ಲವರು ಅವರು. ಸದಸ್ಯ ದೇಶಗಳ ಮುಂದಿನ ಸಭೆ ಎಂದಿದೆಯೆಂದು ನೋಡಿಕೊಂಡು ಅದಕ್ಕೆ ಕೆಲವು ತಿಂಗಳು ಮುಂಚೆಯೇ, ಕಾರ್ಯಸೂಚಿ ಅಂತಿಮವಾಗುವ ಮೊದಲೇ ಕಳಿಸುವುದು ಒಳಿತು.